ಗೇರ್ ಬಾಕ್ಸ್ ಇಳಿಸುವ ಮುಂಚೆ ಇಷ್ಟು ನೋಡಿಬಿಡಿ ಅಣ್ಣ

ಅಣ್ಣ, ನಿಮ್ಮ ಪೋಸ್ಟ್ ಎರಡು ಸಲ ಓದಿದೆ. 2014ರ ಪೆಟ್ರೋಲ್ ಸೆಡಾನ್, ಮ್ಯಾನುಯಲ್, 92 ಸಾವಿರ ಕಿ.ಮೀ. ಓಡಿದೆ, ನೀವು ತಗೊಂಡು ಎರಡು ತಿಂಗಳು. ಬೆಳಗ್ಗೆ ಹೊತ್ತು ಎರಡನೇ ಗೇರ್ ಬೀಳುವುದಿಲ್ಲ, ರಿವರ್ಸ್ ಹಾಕಿದರೆ ಕರ್ರ್ ಅನ್ನುತ್ತದೆ. ಮಂಡ್ಯದಲ್ಲಿ ತೋರಿಸಿದ್ದಕ್ಕೆ "ಬಾಕ್ಸ್ ಹೋಗಿದೆ, ಇಳಿಸಬೇಕು, ನಲವತ್ತು ಸಾವಿರ ಇಟ್ಕೊಳ್ಳಿ" ಅಂದಿದ್ದಾರೆ. ಕೆಳಗೆ ಹತ್ತು ಜನ ಬಂದು "ಮಾರಿಬಿಡಿ" ಅಂದಿದ್ದಾರೆ. ಮಾರಬೇಡಿ. ಇಳಿಸಲೂ ಬೇಡಿ, ಸದ್ಯಕ್ಕೆ. ನೀವು ಬರೆದಿರುವ ಎರಡು ತೊಂದರೆಗೂ ಬಾಕ್ಸಿನ ಹೊರಗೇ ಕಾರಣ ಇರಬಹುದು, ಅದನ್ನ ಯಾರೂ ನೋಡಿಯೇ ಇಲ್ಲ.

ನಾನು ಮೆಕ್ಯಾನಿಕ್ ಅಲ್ಲ, ಮೊದಲೇ ಹೇಳಿಬಿಡುತ್ತೇನೆ. ಊರು ಪಾಂಡವಪುರದ ಕಡೆ, ಕೆಲಸ ಮೈಸೂರಲ್ಲಿ. ಇಲ್ಲಿವರೆಗೆ ನಾಲ್ಕು ಸೆಕೆಂಡ್ ಹ್ಯಾಂಡ್ ಕಾರು ಇಟ್ಟಿದ್ದೆ, ಭಾನುವಾರ ಆದರೆ ಬನ್ನಿಮಂಟಪದ ಹತ್ತಿರ ಒಂದು ಗ್ಯಾರೇಜಿನಲ್ಲಿ ಸ್ಟೂಲ್ ಹಾಕಿಕೊಂಡು ಕೂರುವ ಚಟ. ಮನೆಯವರು ಆ ಗ್ಯಾರೇಜಿಗೆ "ನಿಮ್ಮ ಮಾವನ ಮನೆ" ಅಂತಾರೆ.

ಮೊದಲು ಖರ್ಚಿಲ್ಲದ ಒಂದು ಪರೀಕ್ಷೆ. ನಾಳೆ ಬೆಳಗ್ಗೆ ಕಾರು ಸ್ಟಾರ್ಟ್ ಮಾಡದೆ, ಕ್ಲಚ್ ಪೂರ್ತಿ ಒತ್ತಿ, ಒಂದರಿಂದ ಐದರವರೆಗೆ ಮತ್ತು ರಿವರ್ಸ್, ಎಲ್ಲ ಗೇರ್ ಹಾಕಿ ನೋಡಿ. ಒಂದೊಂದು ಸಲ ಹಲ್ಲು ಹಲ್ಲಿಗೆ ತಾಗಿ ನಿಂತುಬಿಡುತ್ತದೆ, ಆಗ ಕಾರನ್ನ ಒಂಚೂರು ಹಿಂದೆ ಮುಂದೆ ತಳ್ಳಿ ಮತ್ತೆ ಹಾಕಿ. ಆಮೇಲೆ ಸ್ಟಾರ್ಟ್ ಮಾಡಿ, ನಿಂತಲ್ಲೇ ಮತ್ತೆ ಅದೇ ಮಾಡಿ. ಎಂಜಿನ್ ಆಫ್ ಇದ್ದಾಗ ಬೆಣ್ಣೆ ಹಾಗೆ ಬಿದ್ದು, ಆನ್ ಇದ್ದಾಗ ಎಲ್ಲ ಗೇರೂ ಗಟ್ಟಿಯಾದರೆ ಕ್ಲಚ್ ಪೂರ್ತಿ ಬಿಡುತ್ತಿಲ್ಲ, ಅಂದರೆ ಎಂಜಿನ್ನಿಂದ ಬಾಕ್ಸನ್ನ ಪೂರ್ತಿ ಬೇರೆ ಮಾಡುತ್ತಿಲ್ಲ ಅಂತ ಅರ್ಥ. ಎರಡು ಹೊತ್ತಲ್ಲೂ ಗಟ್ಟಿ ಇದ್ದರೆ ಲಿವರ್ ಕೆಳಗಿನ ಕೇಬಲ್, ಲಿಂಕೇಜ್, ಅದರ ಬುಷ್ ನೋಡಬೇಕು. ನಿಂತಾಗ ಎಲ್ಲ ಸರಿ, ಓಡುವಾಗ ಒಂದೇ ಒಂದು ಗೇರ್ ಮಾತ್ರ ಸತಾಯಿಸುತ್ತದೆ, ಅದೂ ತಣ್ಣಗಿರುವಾಗ ಮಾತ್ರ ಅಂದರೆ ಗೇರ್ ಆಯಿಲ್ ಅಥವಾ ಆ ಗೇರಿನ ಸಿಂಕ್ರೊ ರಿಂಗ್ (ಗೇರ್ ಬೀಳುವ ಮುಂಚೆ ಎರಡು ಕಡೆಯ ವೇಗ ಒಂದು ಮಾಡುವ ಉಂಗುರ). ಬಾಕ್ಸ್ ಇಳಿಸಬೇಕಾ ಬೇಡವಾ ಅನ್ನುವುದು ಈ ಐದು ನಿಮಿಷದಲ್ಲಿ ಮುಕ್ಕಾಲು ಭಾಗ ಗೊತ್ತಾಗುತ್ತದೆ.

ರಿವರ್ಸ್ ಸದ್ದಿಗೆ ಬರೋಣ. ನಿಮ್ಮ ಕಾರಿನ ಕಾಲದ ಸುಮಾರು ಕಾರುಗಳಲ್ಲಿ ರಿವರ್ಸ್ ಗೇರಿಗೆ ಸಿಂಕ್ರೊ ಇರುವುದಿಲ್ಲ. ಕ್ಲಚ್ ಒತ್ತಿದ ಮೇಲೂ ಒಳಗಿನ ಶಾಫ್ಟ್ ಒಂದೆರಡು ಸೆಕೆಂಡ್ ಸುತ್ತುತ್ತಲೇ ಇರುತ್ತದೆ, ಅಷ್ಟರಲ್ಲಿ ನಾವು ಅವಸರಕ್ಕೆ ರಿವರ್ಸ್ ಎಳೆದರೆ ಹಲ್ಲು ಕರ್ರ್ ಅನ್ನುತ್ತದೆ. ಕಾರು ಪೂರ್ತಿ ನಿಲ್ಲಲಿ, ಕ್ಲಚ್ ಒತ್ತಿ ಮೂರು ಸೆಕೆಂಡ್ ಬಿಡಿ, ಇಲ್ಲವೇ ಒಂದು ಸಲ ಎರಡನೇ ಗೇರಿಗೆ ತಾಗಿಸಿ ಆಮೇಲೆ ರಿವರ್ಸ್ ಹಾಕಿ. ಎರಡನೇ ಗೇರಿನ ಸಿಂಕ್ರೊ ಆ ಶಾಫ್ಟನ್ನ ನಿಲ್ಲಿಸಿಕೊಡುತ್ತದೆ. ಹೀಗೆ ಮಾಡಿದಾಗ ಸದ್ದು ನಿಂತರೆ ಅದು ಕಾಯಿಲೆಯೇ ಅಲ್ಲ, ಅಭ್ಯಾಸ. ಐದು ಸೆಕೆಂಡ್ ಕಾದರೂ ಕರ್ರ್ ಅಂದರೆ ಮಾತ್ರ ಕ್ಲಚ್ ಬಿಡುತ್ತಿಲ್ಲ.

ಕ್ಲಚ್ ಬಿಡದೆ ಇರುವುದಕ್ಕೆ ನೂರು ರೂಪಾಯಿಯ ಕಾರಣವೂ ಇರುತ್ತದೆ. ನಗಬೇಡಿ, ಮೊದಲು ಕಾಲ ಕೆಳಗಿನ ಮ್ಯಾಟ್ ತೆಗೆದು ನೋಡಿ. ಮ್ಯಾಟ್ ಮೇಲೆ ಮ್ಯಾಟ್ ಹಾಕಿ ಪೆಡಲ್ ನೆಲ ಮುಟ್ಟದೆ ಇದ್ದ ಕಾರನ್ನ ನಾನೇ ಕಣ್ಣಾರೆ ನೋಡಿದ್ದೇನೆ, ಆ ಕಾರಿನವರಿಗೆ ಯಾವುದೋ ಗ್ಯಾರೇಜಿನವರು ಕ್ಲಚ್ ಪ್ಲೇಟ್ ಬದಲಾಯಿಸಿ ಅಂತ ಹೇಳಿ ಕಳಿಸಿದ್ದರು. ಆಮೇಲೆ ನಿಮ್ಮದು ತಂತಿ ಎಳೆಯುವ ಕೇಬಲ್ ಕ್ಲಚ್ಚಾ, ಆಯಿಲ್ ಒತ್ತಡದಲ್ಲಿ ಕೆಲಸ ಮಾಡುವ ಆಯಿಲ್ ಕ್ಲಚ್ಚಾ ನೋಡಿಕೊಳ್ಳಿ. ಕೇಬಲ್ ಆದರೆ ಅಡ್ಜಸ್ಟ್ ಮಾಡಿಸಿ, ತಂತಿಯ ಎಳೆ ಬಿಚ್ಚಿಕೊಂಡಿದ್ದರೆ ಬದಲಾಯಿಸಿ. ಆಯಿಲ್ ಕ್ಲಚ್ ಆದರೆ ಪೆಡಲನ್ನ ನಾಲ್ಕೈದು ಸಲ ಪಂಪ್ ಮಾಡಿ ತಕ್ಷಣ ಗೇರ್ ಹಾಕಿ. ಆಗ ಸಲೀಸಾಗಿ ಬಿದ್ದರೆ ಲೈನಿನಲ್ಲಿ ಗಾಳಿ ಸೇರಿದೆ, ಇಲ್ಲವೇ ಮೇಲೆ ಪೆಡಲ್ ಕಡೆಯ ಮಾಸ್ಟರ್ ಸಿಲಿಂಡರೋ ಕೆಳಗೆ ಬಾಕ್ಸ್ ಕಡೆಯ ಸ್ಲೇವ್ ಸಿಲಿಂಡರೋ ಲೀಕ್. ತುಂಬಾ ಕಾರುಗಳಲ್ಲಿ ಬ್ರೇಕಿಗೂ ಕ್ಲಚ್ಚಿಗೂ ಒಂದೇ ಡಬ್ಬಿಯಿಂದ ಆಯಿಲ್ ಹೋಗುತ್ತದೆ, ಆ ಡಬ್ಬಿಯ ಮಟ್ಟ ಇಳಿದಿದ್ದರೆ ಅಸಡ್ಡೆ ಮಾಡಬೇಡಿ.

ಈಗ ಎರಡನೇ ಗೇರ್. ಇಲ್ಲಿ ನನ್ನ ಕಥೆ ಹೇಳಲೇಬೇಕು. 2018ರಲ್ಲಿ ನಾನು ತಗೊಂಡ ಸೆಡಾನ್ ನಿಮ್ಮ ಥರವೇ. ಮಾರಿದವರು ಟೆಸ್ಟ್ ಡ್ರೈವಿಗೆ ನನ್ನನ್ನ ರಿಂಗ್ ರೋಡಿನಲ್ಲಿ ಐದನೇ ಗೇರಿನಲ್ಲಿ ಸುತ್ತಿಸಿದರು. ಗಾಡಿ ತೇಲಿಕೊಂಡು ಹೋಯಿತು, ನಾನೂ ತೇಲಿಬಿಟ್ಟೆ. ಊರಿಗೆ ತಂದು ಮಾರನೇ ದಿನ ಬೆಳಗ್ಗೆ ಕಬ್ಬಿನ ಟ್ರ್ಯಾಕ್ಟರ್ ಹಿಂದೆ ಸಿಕ್ಕಿಕೊಂಡಾಗ ಒಂದು, ಎರಡು, ಒಂದು, ಎರಡು ಅಂತ ಬದಲಾಯಿಸುವುದರಲ್ಲಿ ಕೈ ಬಿದ್ದುಹೋಯಿತು. ಗೇರ್ ಆಯಿಲ್ ಇಳಿಸಿ ನೋಡಿದರೆ ಬೆಲ್ಲದ ಪಾಕದ ಥರ ಗಟ್ಟಿ. ಯಾರೋ ಪುಣ್ಯಾತ್ಮರು ಟ್ರ್ಯಾಕ್ಟರಿಗೆ, ಜೀಪಿಗೆ ಹಾಕುವ 90 ನಂಬರ್ ಆಯಿಲ್ ಸುರಿದಿದ್ದರು. ನಮ್ಮ ಕಡೆ ಇದು ಬಹಳ ಸಾಮಾನ್ಯ, ಯಾಕೆಂದರೆ ಎಲ್ಲ ಅಂಗಡಿಯಲ್ಲೂ ಸಿಗುವುದು ಅದೇ. ಆದರೆ ಇಂಥ ಕಾರಿನ ಬಾಕ್ಸಿಗೆ ಬೇಕಾಗಿರುವುದು ಸಾಮಾನ್ಯವಾಗಿ 75ಡಬ್ಲ್ಯೂ ಅಂತ ಶುರುವಾಗುವ ತೆಳು ಆಯಿಲ್. ಸಿಂಕ್ರೊ ಅಂದರೆ ಬಹುತೇಕ ಒಂದು ಹಿತ್ತಾಳೆ ಉಂಗುರ. ಅದು ಗೇರಿಗೆ ಒರಗಿ ಉಜ್ಜಿಕೊಂಡು ಎರಡರ ವೇಗ ಒಂದು ಮಾಡಿದ ಮೇಲೇ ಗೇರ್ ಬೀಳುವುದು. ಮಧ್ಯೆ ಗಟ್ಟಿ ಆಯಿಲ್ ಪದರ ಇದ್ದರೆ ಉಜ್ಜುವುದೇ ಇಲ್ಲ. ಬಿಸಿಯಾದ ಮೇಲೆ ತೆಳುವಾಗಿ ಸರಿಹೋಗುತ್ತದೆ, ಅದಕ್ಕೇ ನಿಮಗೆ ಬೆಳಗ್ಗೆ ಮಾತ್ರ ತೊಂದರೆ.

ಗೇರ್ ಆಯಿಲ್ ಡಬ್ಬಿ ಮೇಲೆ ಇನ್ನೊಂದು ಓದಿಕೊಳ್ಳಿ, ಆಯಿಲಿನ ದರ್ಜೆ: ಜಿಎಲ್-4 ಅಥವಾ ಜಿಎಲ್-5. ದೊಡ್ಡ ನಂಬರ್ ಇದ್ದರೆ ಒಳ್ಳೆಯದು ಅಂತ ಅಂಗಡಿಯವರು 5 ಕೊಡುತ್ತಾರೆ. ಅದರಲ್ಲಿ ಗಂಧಕ ರಂಜಕದ ಅಂಶ ಜಾಸ್ತಿ, ಹಿಂದಿನ ಆ್ಯಕ್ಸಲ್ ಹೌಸಿಂಗಿಗೆ ಚೆನ್ನಾಗಿರುತ್ತದೆ, ಹಿತ್ತಾಳೆ ರಿಂಗಿಗೆ ಸಾಮಾನ್ಯವಾಗಿ ಒಗ್ಗುವುದಿಲ್ಲ. ಕಾರಿನ ಜೊತೆ ಬಂದ ಪುಸ್ತಕದಲ್ಲಿ ಏನಿದೆಯೋ ಅದೇ ಹಾಕಿ, ನನ್ನ ಮಾತೂ ಕೇಳಬೇಡಿ, ಅಂಗಡಿಯವರ ಮಾತೂ ಕೇಳಬೇಡಿ. ಎರಡು ಲೀಟರ್ ಆಸುಪಾಸು ಹಿಡಿಯುತ್ತದೆ. ಆಯಿಲ್ ಇಳಿಸುವಾಗ ಒಂದು ಎಚ್ಚರ: ಮೊದಲು ಆಯಿಲ್ ತುಂಬುವ ಮೇಲಿನ ಫಿಲ್ಲರ್ ಬೋಲ್ಟ್ ಬಿಚ್ಚಿ, ಅದು ಬಿಚ್ಚಿದ ಮೇಲೇ ಕೆಳಗಿನದು. ಕೆಳಗಿನದು ತೆಗೆದು ಆಯಿಲ್ ಪೂರ್ತಿ ಚೆಲ್ಲಿ, ಆಮೇಲೆ ಮೇಲಿನದು ತುಕ್ಕು ಹಿಡಿದು ಅಲ್ಲಾಡದೆ ಕೂತರೆ ಆ ಕಾರು ಗ್ಯಾರೇಜಿನಲ್ಲೇ ಮಲಗುತ್ತದೆ.

ಇಳಿಸಿದ ಆಯಿಲನ್ನ ಚೆಲ್ಲಲು ಬಿಡಬೇಡಿ, ಬಿಳಿ ಪೇಪರ್ ಮೇಲೆ ಸ್ವಲ್ಪ ಸುರಿದು ಬಿಸಿಲಿಗೆ ಹಿಡಿದು ನೋಡಿ. ಡ್ರೈನ್ ಬೋಲ್ಟಿನಲ್ಲಿ ಅಯಸ್ಕಾಂತ ಇದ್ದರೆ ಅದಕ್ಕೆ ಬೂದು ಬಣ್ಣದ ನುಣ್ಣನೆ ಕೆಸರು ಅಂಟಿರುತ್ತದೆ, ಅದು ಮಾಮೂಲಿ. ಆಯಿಲಿನಲ್ಲಿ ಚಿನ್ನದ ಪುಡಿ ಥರ ಮಿಣಮಿಣ ಅಂದರೆ ಸಿಂಕ್ರೊ ಸವೆದಿದೆ. ಉಗುರಿಗೆ ಸಿಗುವಂಥ ಕಬ್ಬಿಣದ ಚೂರು ಬಂದರೆ ಆಗ ನಿಮ್ಮ ಮೆಕ್ಯಾನಿಕ್ ಹೇಳಿದ್ದು ಸರಿ, ಬಾಕ್ಸ್ ಇಳಿಸಲೇಬೇಕು. ಹಾಲು ಹಾಕಿದ ಕಾಫಿ ಬಣ್ಣ ಇದ್ದರೆ ಒಳಗೆ ನೀರು ಹೋಗಿದೆ. ಇದನ್ನ ಸುಮ್ನೆ ಹೇಳುತ್ತಿಲ್ಲ. 2022ರ ಆಗಸ್ಟ್‌ನಲ್ಲಿ ರಾಮನಗರದ ಹತ್ತಿರ ಬೆಂಗಳೂರು-ಮೈಸೂರು ಹೈವೇ ಮೇಲೆ ನೀರು ನಿಂತು ಕಾರುಗಳು ಮುಳುಗಿದ್ದವಲ್ಲ, ಅಂಥ ಕಾರುಗಳು ಒಳಗೆ ಸೀಟ್ ಕವರ್ ಬದಲಾಯಿಸಿಕೊಂಡು ಮಾರುಕಟ್ಟೆಗೆ ಬರುತ್ತವೆ. ಬಿಸಿ ಬಾಕ್ಸ್ ತಣ್ಣೀರಲ್ಲಿ ನಿಂತರೆ ಒಳಗಿನ ಗಾಳಿ ಕುಗ್ಗಿ, ಉಸಿರಾಡುವ ತೂತಿನಿಂದ ನೀರು ಎಳೆದುಕೊಳ್ಳುತ್ತದೆ. ಹೊರಗೆ ಏನೂ ಕಾಣುವುದಿಲ್ಲ.

ನನ್ನ ಕಾರಿಗೆ ಆಯಿಲ್ ಬದಲಾಯಿಸಿದ ಮೇಲೆ ಮುಕ್ಕಾಲು ಪಾಲು ಸರಿಯಾಯಿತು. ಉಳಿದ ಕಾಲು ಭಾಗ ಸಿಂಕ್ರೊ ಸವೆತ, ನಾನು ಮುಟ್ಟಲಿಲ್ಲ. ಬೆಳಗ್ಗೆ ಮೊದಲ ಎರಡು ಕಿ.ಮೀ. ಒಂದರಿಂದ ಎರಡಕ್ಕೆ ಹೋಗುವಾಗ ನ್ಯೂಟ್ರಲ್ಲಿನಲ್ಲಿ ಒಂದು ಕ್ಷಣ ನಿಲ್ಲಿಸಿ ಹಾಕುತ್ತಿದ್ದೆ. ಹಾಗೇ ನಲವತ್ತು ಸಾವಿರ ಕಿ.ಮೀ. ಓಡಿಸಿ, ಇದನ್ನ ಹೇಳಿಯೇ ಮಾರಿದೆ.

ಕ್ಲಚ್ ಸ್ಲಿಪ್ ಆಗುವುದು, ಅಂದರೆ ಹಿಡಿಯದೆ ಜಾರುವುದು, ಬೇರೆ ವಿಷಯ, ಎರಡನ್ನೂ ಕಲಸಬೇಡಿ. ಅದಕ್ಕೆ ಚಾಮುಂಡಿ ಬೆಟ್ಟಕ್ಕಿಂತ ಒಳ್ಳೆ ಮೆಕ್ಯಾನಿಕ್ ಇಲ್ಲ. ನಾಲ್ಕು ಜನ ಕೂತು ಹತ್ತಿಸಿ, ಮೂರನೇ ಗೇರಿನಲ್ಲಿ ಆ್ಯಕ್ಸಿಲರೇಟರ್ ಒತ್ತಿದಾಗ ಆರ್‌ಪಿಎಂ ಮುಳ್ಳು ಮೇಲೆದ್ದು ಸ್ಪೀಡು ಅಲ್ಲೇ ಇದ್ದರೆ, ಸುಟ್ಟ ವಾಸನೆ ಬಂದರೆ ಪ್ಲೇಟ್ ಮುಗಿದಿದೆ. ನಿಮ್ಮ ಕಡೆಯವರಿಗೆ ಮೇಲುಕೋಟೆ ಏರು ಇದೆ. ಬದಲಾಯಿಸುವುದಾದರೆ ಪ್ಲೇಟ್, ಅದನ್ನ ಒತ್ತಿ ಹಿಡಿಯುವ ಪ್ರೆಶರ್ ಪ್ಲೇಟ್, ಪೆಡಲ್ ಒತ್ತಿದಾಗ ಆ ಹಿಡಿತ ಬಿಡಿಸುವ ರಿಲೀಸ್ ಬೇರಿಂಗ್ ಮೂರೂ ಒಟ್ಟಿಗೆ. ಒಂದು ಉಳಿಸಿ ಎರಡು ಹಾಕಿದರೆ ಆರು ತಿಂಗಳಿಗೆ ಅದೇ ಲೇಬರ್ ಮತ್ತೆ ಕೊಡಬೇಕಾಗಬಹುದು. ಬಾಕ್ಸ್ ಹೊರಗಿದ್ದಾಗ ಎಂಜಿನ್ ಹಿಂದಿನ ಆಯಿಲ್ ಸೀಲ್ ಒಸರುತ್ತಿದೆಯಾ ಅಂತಲೂ ನೋಡಿಸಿ, ಇಲ್ಲದಿದ್ದರೆ ಹೊಸ ಪ್ಲೇಟಿಗೆ ಆಯಿಲ್ ಅಭಿಷೇಕ.

ಸದ್ದಿನ ವಿಷಯ ಬೇಗ ಹೇಳಿಬಿಡುತ್ತೇನೆ. ಕ್ಲಚ್ ಒತ್ತಿದಾಗ ಸದ್ದು ಶುರುವಾದರೆ ರಿಲೀಸ್ ಬೇರಿಂಗ್. ಒತ್ತಿದಾಗ ನಿಂತು, ಬಿಟ್ಟಾಗ ನ್ಯೂಟ್ರಲ್ಲಿನಲ್ಲಿ ಸದ್ದು ಬಂದರೆ ಬಾಕ್ಸ್ ಒಳಗಿನ ಇನ್‌ಪುಟ್ ಶಾಫ್ಟ್ ಬೇರಿಂಗ್. ಸ್ಟಿಯರಿಂಗ್ ಪೂರ್ತಿ ತಿರುಗಿಸಿ ಹೋಗುವಾಗ ಟಕ ಟಕ ಅಂದರೆ ಅದು ಬಾಕ್ಸ್ ಅಲ್ಲವೇ ಅಲ್ಲ, ಚಕ್ರದ ಕಡೆಯ ಸಿವಿ ಜಾಯಿಂಟ್, ಅಂದರೆ ಚಕ್ರ ತಿರುಗಿಸುವ ಶಾಫ್ಟಿನ ಕೀಲು. ರಬ್ಬರ್ ಬೂಟ್ ಹರಿದು ಗ್ರೀಸ್ ಹೋಗಿ ಮಣ್ಣು ಸೇರಿರುತ್ತದೆ. ಆ್ಯಕ್ಸಿಲರೇಟರ್ ಕೊಟ್ಟಾಗ ಬಿಟ್ಟಾಗ ಗೇರ್ ಲಿವರ್ ತಾನೇ ಕುಣಿದರೆ ಮೌಂಟಿಂಗ್ ರಬ್ಬರ್ ಕಿತ್ತಿದೆ, ಕೆಲವು ಸಲ ಗೇರ್ ಕಿತ್ತುಕೊಂಡು ನ್ಯೂಟ್ರಲ್ಲಿಗೆ ಬರುವುದೂ ಇದರಿಂದಲೇ.

ನಿಮ್ಮ ಭಾವಮೈದುನ ಆಟೋಮ್ಯಾಟಿಕ್ ನೋಡುತ್ತಿದ್ದಾರೆ ಅಂದಿರಿ. ಅವರು ಮೊದಲು ಕೇಳಬೇಕಾಗಿರುವುದು ಎಷ್ಟು ಓಡಿದೆ ಅಂತ ಅಲ್ಲ, ಯಾವ ಥರದ ಆಟೋಮ್ಯಾಟಿಕ್ ಅಂತ. ಒಂದೇ ಹೆಸರಿನ ಕಾರಿನಲ್ಲೂ ವರ್ಷ ಬದಲಾದರೆ ಬಾಕ್ಸ್ ಬದಲಾಗುತ್ತದೆ. ಹೋಂಡಾ ಸಿಟಿ 2008ರಿಂದ 2013ರವರೆಗೆ 5 ಗೇರಿನ ಟಾರ್ಕ್ ಕನ್ವರ್ಟರ್ (ಕ್ಲಚ್ ಬದಲು ಆಯಿಲ್ ಮೂಲಕ ಶಕ್ತಿ ದಾಟಿಸುವುದು), 2014ರಿಂದ ಪೆಟ್ರೋಲ್ ಆಟೋಮ್ಯಾಟಿಕ್ ಸಿವಿಟಿ (ಗೇರ್ ಬದಲು ಬೆಲ್ಟ್ ಮತ್ತು ರಾಟೆ ಇರುವುದು). ಸಿಯಾಜ್‌ನಲ್ಲಿ 4 ಗೇರಿನ ಟಾರ್ಕ್ ಕನ್ವರ್ಟರ್, ಹಳೇ ಕಾಲದ್ದು, ಪಿಕಪ್ ಸಾಧಾರಣ. 2017ರ ಡಿಜೈರ್ ಎಎಂಟಿ. ವೆಂಟೊ 1.2 ಟಿಎಸ್‌ಐ, ವೆಂಟೊ ಮತ್ತು ರ‍್ಯಾಪಿಡ್ ಡೀಸೆಲ್ ಆಟೋಮ್ಯಾಟಿಕ್‌ಗಳಲ್ಲಿ 7 ಗೇರಿನ ಡಿಎಸ್‌ಜಿ, ಅಂದರೆ ಎರಡು ಒಣ ಕ್ಲಚ್ ಇರುವ ಬಾಕ್ಸ್. ವರ್ನಾದಲ್ಲಂತೂ 2020ರ ಮಾಡೆಲ್‌ಗೇ ಎಂಜಿನ್ ನೋಡಿಕೊಂಡು ಮೂರು ಥರ ಇದೆ.

ಎಎಂಟಿ ಅಂದರೆ ಮ್ಯಾನುಯಲ್ ಬಾಕ್ಸೇ, ನಿಮ್ಮ ಎಡಗಾಲು, ಎಡಗೈ ಕೆಲಸ ಒಂದು ಯಂತ್ರ ಮಾಡುತ್ತದೆ ಅಷ್ಟೆ. ಮೇಲೆ ಬರೆದ ಕ್ಲಚ್ ಪುರಾಣ ಎಲ್ಲ ಅದಕ್ಕೂ ಅನ್ವಯ. ಏರಿನಲ್ಲಿ ಬ್ರೇಕ್ ಹಿಡಿಯದೆ ಆ್ಯಕ್ಸಿಲರೇಟರಿನಲ್ಲೇ ನಿಲ್ಲಿಸಿಕೊಂಡವರ ಕಾರಾದರೆ ಪ್ಲೇಟ್ ಹೊಗೆಯಾಗಿರುತ್ತದೆ. ಒಣ ಕ್ಲಚ್ಚಿನ ಡಿಎಸ್‌ಜಿಗೆ ದಸರಾ ಟೈಮಿನ ಮೈಸೂರು ಟ್ರಾಫಿಕ್ ಆಗಿಬರುವುದಿಲ್ಲ, ತೆವಳುತ್ತಾ ಹೋದರೆ ಬಿಸಿಯಾಗುತ್ತದೆ. ಒಂದು ಎರಡನೇ ಗೇರಿನಲ್ಲಿ ಗಡಗಡ ನಡುಗಿದರೆ ಬಿಟ್ಟು ಬನ್ನಿ. ಸಿವಿಟಿಯಲ್ಲಿ ಆ್ಯಕ್ಸಿಲರೇಟರ್ ಒತ್ತಿದಾಗ ಎಂಜಿನ್ ಮೊದಲು ಕೂಗಿ ಕಾರು ಆಮೇಲೆ ಹೋಗುವುದು ಸ್ವಭಾವ, ಹೆದರಬೇಡಿ. ಆದರೆ ಸ್ಪೀಡಿನ ಜೊತೆ ಏರುವ ಕುಯ್ ಅನ್ನುವ ಸದ್ದು, ಮುಗ್ಗರಿಸಿದ ಹಾಗೆ ಎಳೆದಾಟ ಇದ್ದರೆ ಬೇಡ. ಟಾರ್ಕ್ ಕನ್ವರ್ಟರ್ ಗಟ್ಟಿ ಪ್ರಾಣಿ. ಡಿಪ್ ಸ್ಟಿಕ್ ಇದ್ದರೆ ಆಯಿಲ್ ನೋಡಿ, ಕೆಂಪಗಿರಬೇಕು. ಕಪ್ಪಾಗಿ ಸೀದ ವಾಸನೆ ಬಂದರೆ ಒಳಗಿನ ಕ್ಲಚ್ ಪ್ಲೇಟ್ ಸುಟ್ಟಿವೆ.

ಯಾವ ಥರದ್ದೇ ಆಗಲಿ, ತಣ್ಣಗಿರುವಾಗ ನೋಡಬೇಕು. ಮುಂಚೆನೇ ಹೇಳಿ, "ನಾನು ಬಂದ ಮೇಲೆ ಸ್ಟಾರ್ಟ್ ಮಾಡಿ" ಅಂತ. ಹೋದ ತಕ್ಷಣ ಬಾನೆಟ್ ಮೇಲೆ ಕೈ ಇಡಿ, ಬಿಸಿ ಇದ್ದರೆ ಟೀ ಕುಡಿದುಕೊಂಡು ಬರುತ್ತೇನೆ ಅಂತ ಎರಡು ಗಂಟೆ ಹೋಗಿಬಿಡಿ. ಬ್ರೇಕ್ ಹಿಡಿದು ಪಿ (ಪಾರ್ಕಿಂಗ್) ಅಥವಾ ನ್ಯೂಟ್ರಲ್‌ನಿಂದ ಡಿಗೆ (ಡ್ರೈವ್), ಡಿಯಿಂದ ಆರ್‌ಗೆ (ರಿವರ್ಸ್) ಹಾಕಿ, ಎರಡು ಸೆಕೆಂಡಿಗಿಂತ ಜಾಸ್ತಿ ಯೋಚಿಸಿದರೆ ಅಥವಾ ಧಡ್ ಅಂತ ಒದ್ದರೆ ಅದು ಮುಂದಿನ ಖರ್ಚಿನ ಮುನ್ಸೂಚನೆ. ಬರೀ ಬೆಂಗಳೂರು-ಮೈಸೂರು ಹೈವೇ ಮೇಲೆ ಓಡಿಸಿ ಸುಮ್ಮನಾಗಬೇಡಿ, ಅಲ್ಲಿ 2023ರ ಆಗಸ್ಟಿನಿಂದ ಟ್ರ್ಯಾಕ್ಟರೂ ಇಲ್ಲ ಬೈಕೂ ಇಲ್ಲ, ಎಂಥ ಬಾಕ್ಸೂ ಚೆನ್ನಾಗೇ ಓಡುತ್ತದೆ. ಸರ್ವಿಸ್ ರೋಡಿಗೆ ಇಳಿಸಿ, ಕಬ್ಬಿನ ಲೋಡ್ ಹಿಂದೆ ಅರ್ಧ ಗಂಟೆ ತೆವಳಿಸಿ. ಇನ್ನೊಂದು, ಆಟೋಮ್ಯಾಟಿಕ್ ಕೆಟ್ಟು ನಿಂತರೆ ಹಗ್ಗ ಕಟ್ಟಿ ಎಳೆಸಬೇಡಿ. ಟಾರ್ಕ್ ಕನ್ವರ್ಟರ್, ಸಿವಿಟಿಗಳಲ್ಲಿ ಎಂಜಿನ್ ಆಫ್ ಇದ್ದರೆ ಒಳಗಿನ ಆಯಿಲ್ ಪಂಪ್ ಓಡುವುದಿಲ್ಲ, ಚಕ್ರ ಸುತ್ತಿದಷ್ಟೂ ಒಳಗೆ ಒಣಗಿಕೊಂಡು ಉಜ್ಜುತ್ತದೆ. ಗಾಡಿ ಮೇಲೆ ಹೇರಿಕೊಂಡು ಹೋಗುವವರನ್ನೇ ಕರೆಸಿ.

ನಿಮ್ಮ ವಿಷಯಕ್ಕೆ ಬಂದರೆ, ಮೊದಲು ಮ್ಯಾಟ್, ಆಮೇಲೆ ಎಂಜಿನ್ ಆಫ್-ಆನ್ ಪರೀಕ್ಷೆ, ಆಮೇಲೆ ಆಯಿಲ್. ಎರಡು ಸಾವಿರದ ಆಸುಪಾಸಿನಲ್ಲಿ ಮುಗಿಯಬೇಕು. ಆಯಿಲ್ ಇಳಿಸಿದಾಗ ಬಿಳಿ ಪೇಪರ್ ಮೇಲಿನದು, ಡ್ರೈನ್ ಬೋಲ್ಟಿನದು, ಎರಡೂ ಫೋಟೋ ಇಲ್ಲೇ ಹಾಕಿ, ಫ್ಲ್ಯಾಶ್ ಆಫ್ ಮಾಡಿ ತೆಗೆಯಿರಿ, ಇಲ್ಲದಿದ್ದರೆ ಎಲ್ಲ ಆಯಿಲೂ ಚಿನ್ನದ ಥರವೇ ಕಾಣುತ್ತದೆ.