ಪತ್ತನಾಜೆ ಇಲ್ಲದ ತಿರುಗಾಟ

(ಐರ್ಲೆಂಡಿನ ಪಶ್ಚಿಮದ ಒಂದು ಸಣ್ಣ ಪಟ್ಟಣದಲ್ಲಿ ನಾನು ಆಪ್ತಸಲಹೆಗಾರ್ತಿ. ಇದನ್ನು ಬರೆಯಲು ಆ ಕುಟುಂಬದ ಒಪ್ಪಿಗೆ ಇದೆ. ಹೆಸರು, ವಯಸ್ಸು, ಗುರುತು ಸಿಗಬಹುದಾದ ಇನ್ನೂ ಕೆಲವು ವಿವರ ಬದಲಿಸಿದ್ದೇನೆ.)

ನೋರಾ ಮೊದಲ ಭೇಟಿಯಲ್ಲಿ ಹೇಳಿದ್ದು ಮಗನ ವಿಷಯ. ಮೂರು ವರ್ಷದ ಹುಡುಗ. ಅಮ್ಮನ ವಾದ್ಯದ ಪೆಟ್ಟಿಗೆಯ ಕ್ಲಿಪ್ಪು ಟಕ್ ಟಕ್ ಅಂದರೆ ಸಾಕು, ಆಡುತ್ತಿದ್ದಲ್ಲಿಂದಲೇ ಕೈ ಬೀಸಿ "ಬೈ ಬೈ" ಅನ್ನುತ್ತಾನೆ. ತಲೆ ಕೂಡ ಎತ್ತುವುದಿಲ್ಲ. ಆವತ್ತು ಅವರು ಎಲ್ಲಿಗೂ ಹೊರಟಿರಲಿಲ್ಲ. ಅಡುಗೆಮನೆಯಲ್ಲಿ ಕೂತು ಅರ್ಧ ಗಂಟೆ ಅಭ್ಯಾಸ ಮಾಡೋಣ ಅಂತ ಪೆಟ್ಟಿಗೆ ತೆಗೆದಿದ್ದರು, ಅಷ್ಟೇ.

"ಅತ್ತು ರಂಪ ಮಾಡಿದ್ದರೆ ತಡ್ಕೊಳ್ತಿದ್ದೆ. ಅವನಿಗೆ ಇದು ರೂಢಿಯೇ ಆಗಿಹೋಗಿದೆ," ಎಂದರು.

ನೋರಾಗೆ 39 ವರ್ಷ. ನುಡಿಸುವುದು ಇಲ್ಲನ್ ಪೈಪ್ಸ್, ಐರ್ಲೆಂಡಿನ ಬ್ಯಾಗ್‌ಪೈಪ್. ಸ್ಕಾಟ್ಲೆಂಡಿನ ಬ್ಯಾಗ್‌ಪೈಪಿನ ಹಾಗೆ ಬಾಯಿಂದ ಊದುವ ವಾದ್ಯವಲ್ಲ. ಬಲ ಮೊಣಕೈ ಕೆಳಗೆ ಕಟ್ಟಿಕೊಂಡ ತಿದಿಯನ್ನು ಒತ್ತಿ ಎಡ ಕಂಕುಳಿನ ಚೀಲಕ್ಕೆ ಗಾಳಿ ತುಂಬಬೇಕು, ಕೂತೇ ನುಡಿಸಬೇಕು. ಐರಿಷ್ ಭಾಷೆಯಲ್ಲಿ ಆ ಹೆಸರೇ ಮೊಣಕೈಯದು. 2017ರಲ್ಲಿ ಈ ವಾದನಕಲೆ ಯುನೆಸ್ಕೋ ಪರಂಪರೆ ಪಟ್ಟಿ ಸೇರಿತು. ಏಳು ವರ್ಷ ಕಲಿತು, ಏಳು ವರ್ಷ ಸಾಧಕ ಮಾಡಿ, ಏಳು ವರ್ಷ ನುಡಿಸಿದ ಮೇಲೆ ಪೈಪರ್ ಅನ್ನಿಸಿಕೊಳ್ಳುವುದು ಅಂತ ಇಲ್ಲಿ ಒಂದು ಮಾತಿದೆ. "ಆ 21 ವರ್ಷ ಬಟ್ಟೆ ಒಗೆದವರು ಯಾರು ಅಂತ ಮಾತ್ರ ಯಾರೂ ಹೇಳಲ್ಲ," ಎಂದು ನಕ್ಕರು ನೋರಾ.

ಕಂಪನಿ ಇಲ್ಲ, ಮ್ಯಾನೇಜರ್ ಇಲ್ಲ. ಕಾರ್ಯಕ್ರಮ ಹಿಡಿಯುವುದು, ವ್ಯಾನ್ ಓಡಿಸುವುದು, ಸಿಡಿ ಮಾರುವುದು, ಬಾಕಿ ದುಡ್ಡಿಗೆ ಹತ್ತು ಸಲ ಮೇಲ್ ಹಾಕುವುದು ಎಲ್ಲ ಅವರೇ. ಹೊರದೇಶದ ಪೋಸ್ಟರುಗಳಲ್ಲಿ 'ಕೆಲ್ಟಿಕ್ ಸಂಗೀತ' ಎಂದಿರುತ್ತದೆ. ಐರ್ಲೆಂಡ್, ಸ್ಕಾಟ್ಲೆಂಡ್, ಫ್ರಾನ್ಸಿನ ಬ್ರಿಟನಿ, ಸ್ಪೇನಿನ ಗಲೀಷಿಯ ಎಲ್ಲವನ್ನೂ ಸೇರಿಸಿ ಕರೆಯುವ ಹೆಸರದು. ಊರಲ್ಲಿ ಬರೀ 'ಟ್ರ್ಯಾಡ್', ಅಂದರೆ ಸಾಂಪ್ರದಾಯಿಕ ಸಂಗೀತ. ಅಂದಹಾಗೆ, ನಮ್ಮ ಭೇಟಿಗಳನ್ನು ನಾನು 'ಸೆಷನ್' ಅಂದಾಗಲೆಲ್ಲ ಅವರ ಮುಖದಲ್ಲಿ ನಗು ಬರುತ್ತಿತ್ತು. ಇಲ್ಲಿ ಸೆಷನ್ ಅಂದರೆ ಪಬ್ಬಿನ ಮೂಲೆಯಲ್ಲಿ ಸುತ್ತ ಕೂತು ನಡುರಾತ್ರಿವರೆಗೆ ನುಡಿಸುವುದು. ಎರಡನೇ ವಾರದಿಂದ ನಾನೂ ಆ ಪದ ಬಿಟ್ಟೆ.

ಗಂಡ ಡೆಕ್ಲನ್ ಅವರದು ಹಾಲಿನ ಕಸುಬು, 70 ಹಸು. ಬೆಳಿಗ್ಗೆ ಒಮ್ಮೆ ಸಂಜೆ ಒಮ್ಮೆ ಹಾಲು ಕರೆಯಲೇಬೇಕು, ಯಾರ ಕಾರ್ಯಕ್ರಮ ಎಲ್ಲೇ ಇರಲಿ. ಇಲ್ಲಿ ಹಸುಗಳೆಲ್ಲ ಹೆಚ್ಚುಕಡಿಮೆ ಒಟ್ಟಿಗೇ, ಫೆಬ್ರುವರಿ ಮಾರ್ಚಿನಲ್ಲಿ, ಕರು ಹಾಕುತ್ತವೆ, ಹೊಸ ಹುಲ್ಲಿನ ಹೊತ್ತಿಗೆ ಹಾಲು ಬರಲೆಂದು. ಆ ಎರಡು ತಿಂಗಳು ರೈತನಿಗೆ ರಾತ್ರಿ ನಿದ್ದೆಯಿಲ್ಲ. ಮಾರ್ಚ್ 17ಕ್ಕೆ ಸೇಂಟ್ ಪ್ಯಾಟ್ರಿಕ್ ದಿನ. ಅದರ ಹಿಂದುಮುಂದಿನ ಎರಡು ವಾರ ಜರ್ಮನಿಯಿಂದ ಅಮೆರಿಕದವರೆಗೆ ಎಲ್ಲರಿಗೂ ಐರಿಷ್ ಸಂಗೀತ ಬೇಕು. ವರ್ಷದ ಗಳಿಕೆಯ ದೊಡ್ಡ ಪಾಲು ಆಗಲೇ ಬರುವುದು.

ಜನವರಿಯಲ್ಲಿ ಅವರು ನನ್ನ ಹತ್ತಿರ ಬರಲು ಕಾರಣವಾದದ್ದು ಮಾತ್ರ ಮೇ ತಿಂಗಳ ಒಂದು ಶನಿವಾರ. ಎಂಟು ವರ್ಷದ ಮಗಳ ಮೊದಲ ಕಮ್ಯುನಿಯನ್, ಚರ್ಚಿನಲ್ಲಿ ಮೊದಲ ಸಲ ಪವಿತ್ರ ಪ್ರಸಾದ ಪಡೆಯುವ ದಿನ. ಇಲ್ಲಿನ ಕ್ಯಾಥೊಲಿಕ್ ಮನೆಗಳಲ್ಲಿ ಅದು ನಮ್ಮ ಉಪನಯನದಷ್ಟು ಸಂಭ್ರಮ: ಬಿಳಿ ಗೌನು, ನೆಂಟರು, ಕೈಗೆ ನೋಟಿನ ಲಕೋಟೆ. ಅದೇ ಶನಿವಾರಕ್ಕೆ ನೋರಾ ಸ್ಕಾಟ್ಲೆಂಡಿನ ಒಂದು ಉತ್ಸವಕ್ಕೆ ಹೂಂ ಅಂದಾಗಿತ್ತು. ಚರ್ಚಿನ ತಾರೀಖು ಫ್ರಿಡ್ಜಿನ ಮೇಲೆ ಆರು ವಾರದಿಂದ ಅಂಟಿಸಿತ್ತು. "ದಿನಾ ಹಾಲು ತೆಗೆಯುವಾಗ ಅದರ ಮೇಲೇ ಕೈ ಇಡ್ತಿದ್ದೆ. ಓದಿರಲಿಲ್ಲ."

ನಿದ್ದೆ, ಊಟ, ಕುಡಿತ, ಸಾಯುವ ಯೋಚನೆ ಇವನ್ನೆಲ್ಲ ಕೇಳಿದೆ. ನಿದ್ದೆ ಕಡಿಮೆ, ಉಳಿದದ್ದು ಸರಿ ಇತ್ತು. ಇರದಿದ್ದರೆ ಮೊದಲು ಡಾಕ್ಟರ ಬಳಿ ಕಳಿಸುತ್ತಿದ್ದೆ.

ಇಲ್ಲಿ ನನ್ನ ತಪ್ಪೊಂದನ್ನು ಹೇಳಬೇಕು. ಮೊದಲ ದಿನವೇ ನಾನು, "ಈ ವರ್ಷ ಕಾರ್ಯಕ್ರಮಗಳನ್ನು ಅರ್ಧಕ್ಕೆ ಇಳಿಸಿದರೆ ಹೇಗೆ?" ಎಂದುಬಿಟ್ಟೆ. ನೋರಾ ತಲೆ ಆಡಿಸಿದರು, ಮುಂದಿನ ವಾರ ಬರಲಿಲ್ಲ. ಹದಿನೈದು ದಿನ ಬಿಟ್ಟು ಬಂದಾಗ ಕೂರುವ ಮುಂಚೆಯೇ, "ಬ್ಯಾಂಕಿನ ಕೆಲಸದವನಿಗೆ ವಾರಕ್ಕೆ ಎರಡೂವರೆ ದಿನ ಹೋಗು ಅಂತ ಹೇಳ್ತೀರಾ?" ಅಂತ ಕೇಳಿದರು. ನ್ಯಾಯವೇ.

ನಾನು ಹಾಗೇಕೆ ಹೇಳಿದೆ ಎಂಬುದನ್ನು ನನ್ನ ಮೇಲ್ವಿಚಾರಕರ ಜೊತೆ ಕೂತು ನೋಡಿದಾಗ ಸಿಕ್ಕಿದ್ದು ನಮ್ಮ ಮನೆ. ನಾನು ದಕ್ಷಿಣ ಕನ್ನಡದವಳು, ಅಪ್ಪ ಯಕ್ಷಗಾನ ಮೇಳದಲ್ಲಿ ಮದ್ದಳೆಗಾರರು. ದೀಪಾವಳಿ ಕಳೆದು ತಿರುಗಾಟ ಹೊರಟರೆ ರಾತ್ರಿಯೆಲ್ಲ ಆಟ. ಬೆಳಿಗ್ಗೆ ಮನೆಗೆ ಬಂದರೂ ಮಲಗಲಿಕ್ಕೆ. ನಾವು ಹೆಜ್ಜೆ ಸದ್ದು ಮಾಡುವಂತಿಲ್ಲ. ನೋರಾ ಮಾತಾಡುತ್ತಿದ್ದಾಗ ನಾನು ಕೇಳಿಸಿಕೊಂಡದ್ದು ಆ ಮಗಳ ಕಡೆಯಿಂದ, ಜಗಲಿಯಲ್ಲಿ ಕಾದು ಕೂತವಳ ಕಡೆಯಿಂದ. ಸಲಹೆ ಕೊಟ್ಟದ್ದೂ ಅವಳೇ.

ಆದರೆ ಅದೇ ನೆನಪಿನಲ್ಲಿ ಉಪಯೋಗಕ್ಕೆ ಬರುವ ಒಂದು ಸಂಗತಿಯೂ ಇತ್ತು. ನಮಗೆ ಒಂದು ತಾರೀಖು ಗೊತ್ತಿತ್ತು. ಪತ್ತನಾಜೆ, ತುಳು ತಿಂಗಳು ಬೇಶದ ಹತ್ತು, ಮೇ 24ರ ಆಸುಪಾಸು. ಅವತ್ತು ಮೇಳ ಆ ವರ್ಷದ ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚುತ್ತದೆ. ಅದಕ್ಕೆ ಮುಂಚೆ ಅಮ್ಮ ಅಪ್ಪನಿಂದ ಏನನ್ನೂ ಬಯಸುತ್ತಿರಲಿಲ್ಲ. ಅದಾದ ಮೇಲೆ ಒಂದನ್ನೂ ಬಿಡುತ್ತಿರಲಿಲ್ಲ. ಮಾಡಿಗೆ ಹಂಚು ಹೊದೆಸುವುದರಿಂದ ಹಿಡಿದು ನನ್ನ ಹಲ್ಲು ಕೀಳಿಸುವವರೆಗೆ ಎಲ್ಲಕ್ಕೂ "ಪತ್ತನಾಜೆ ಆಗಲಿ."

ನೋರಾರ ತಿರುಗಾಟಕ್ಕೆ ಪತ್ತನಾಜೆ ಇರಲಿಲ್ಲ. ಮಾರ್ಚಿನದು ಮುಗಿದರೆ ಈಸ್ಟರ್, ಜುಲೈಯಲ್ಲಿ ಕ್ಲೇರ್ ಸೀಮೆಯ ಮಿಲ್ಟೌನ್ ಮಾಲ್ಬೇಯಲ್ಲಿ ವಿಲ್ಲಿ ಕ್ಲ್ಯಾನ್ಸಿ ಬೇಸಿಗೆ ಶಾಲೆಯ ಪಾಠ, ಆಗಸ್ಟಿನಲ್ಲಿ ಕಾರ್ಕ್‌ನಿಂದ ರೊಸ್ಕಾಫ್‌ಗೆ ರಾತ್ರಿ ಹಡಗು ಹತ್ತಿ ಬ್ರಿಟನಿಯ ಲೋರಿಯಾನ್ ಉತ್ಸವ. ಯಾವುದೂ ಬಿಡುವಂಥದ್ದಲ್ಲ. ಆದರೆ "ಇದು ಮುಗಿದ ಮೇಲೆ" ಎಂದು ಮನೆಯವರಿಗೆ ಹೇಳಲು ಒಂದು ದಿನವೂ ಇರಲಿಲ್ಲ, ಏಕೆಂದರೆ ಆ ದಿನಕ್ಕೂ ಯಾರೋ ಫೋನ್ ಮಾಡುತ್ತಿದ್ದರು. ಇಲ್ಲ ಅಂದರೆ ಮತ್ತೆ ಕರೆಯುವುದಿಲ್ಲ ಎಂಬ ಭಯ. 2022ರಲ್ಲಿ ಐರಿಷ್ ಸರ್ಕಾರ 2,000 ಕಲಾವಿದರಿಗೆ ವಾರಕ್ಕೆ 325 ಯೂರೊ ಮೂಲಾದಾಯ ಕೊಡುವ ಪ್ರಯೋಗ ಶುರುಮಾಡಿತ್ತು. ಆಯ್ಕೆ ಚೀಟಿ ಎತ್ತಿದ ಹಾಗೆ. ಇವರ ಹೆಸರು ಬರಲಿಲ್ಲ.

ಮೂರನೇ ಭೇಟಿಗೆ ಡೆಕ್ಲನ್ ಅವರನ್ನೂ ಕರೆದೆವು. ಬೂಟಿನ ಮಣ್ಣು ಬಾಗಿಲಲ್ಲೇ ಒರೆಸಿ ಒರೆಸಿ ಒಳಗೆ ಬಂದರು. ಬಹಳ ಹೊತ್ತು ಮಾತಿಲ್ಲ. ಆಮೇಲೆ, "ಹೋಗೋದು ನನಗೆ ತೊಂದರೆ ಅಲ್ಲ. ಬಂದ ಮೇಲೂ ಎರಡು ದಿನ ಬಂದಿರೋದೇ ಇಲ್ಲ. ಅದು ಕಷ್ಟ," ಎಂದರು. ನೋರಾ ತಿರುಗಿ ನೋಡಿದರು. ಈ ಮಾತು ಅವರ ಮನೆಯಲ್ಲಿ ಅದುವರೆಗೆ ಆಡಿದ್ದೇ ಅಲ್ಲ.

ಅವತ್ತು ನಾನು ಮಾಡಿಸಿದ್ದು ಒಂದೇ ಕೆಲಸ. ದೊಡ್ಡ ಹಾಳೆಯಲ್ಲಿ ಹನ್ನೆರಡು ತಿಂಗಳು ಗೀಟು ಹಾಕಿ, ಮೇಲಿನ ಸಾಲಿನಲ್ಲಿ ಹಸುಗಳ ವರ್ಷ, ಕೆಳಗಿನ ಸಾಲಿನಲ್ಲಿ ಪೈಪಿನ ವರ್ಷ ಬರೆಯಿರಿ ಎಂದೆ. ಹದಿಮೂರು ವರ್ಷದ ಸಂಸಾರದಲ್ಲಿ ಎರಡನ್ನೂ ಒಂದೇ ಹಾಳೆಯಲ್ಲಿ ನೋಡಿದ್ದು ಅವರಿಗೆ ಅದೇ ಮೊದಲು. ಡಿಸೆಂಬರ್ ನಡುವಿನಿಂದ ಜನವರಿ ಕೊನೆವರೆಗೆ ಹಸುಗಳ ಹಾಲು ಬತ್ತಿಸಿರುತ್ತಾರೆ. ವರ್ಷದಲ್ಲಿ ಡೆಕ್ಲನ್ ಅವರ ಕೈ ಖಾಲಿ ಇರುವುದು ಆಗ ಮಾತ್ರ. ಸ್ಕಾಟ್ಲೆಂಡಿನ ಗ್ಲಾಸ್ಗೊದಲ್ಲಿ 1994ರಿಂದ ನಡೆಯುತ್ತಿರುವ ಕೆಲ್ಟಿಕ್ ಕನೆಕ್ಷನ್ಸ್ ಉತ್ಸವ ಇರುವುದೂ ಜನವರಿಯಲ್ಲೇ. ನೋರಾ ಅಲ್ಲಿಗೆ ಒಮ್ಮೆಯೂ ಅರ್ಜಿ ಹಾಕಿರಲಿಲ್ಲ: "ಕ್ರಿಸ್‌ಮಸ್ ಆದ ಕೂಡಲೇ ಮನೆ ಬಿಟ್ಟು ಹೇಗೆ ಹೋಗೋದು?" ಮನೆ ಬಿಡಲು ಅತಿ ಸುಲಭದ ತಿಂಗಳಲ್ಲಿ ಮನೆಯಲ್ಲಿದ್ದು, ಕರು ಬೀಳುವ ತಿಂಗಳಲ್ಲಿ ಅವರು ಜರ್ಮನಿಯಲ್ಲಿರುತ್ತಿದ್ದರು.

ಮಾರ್ಚನ್ನು ಪೂರ್ತಿ ಬಿಡಲು ಆಗುವುದಿಲ್ಲ, ದುಡ್ಡಿನ ತಿಂಗಳು. ಅದಕ್ಕೆ ಲೆಕ್ಕ ತೆಗೆಸಿದೆ. ಹಿಂದಿನ ವರ್ಷದ 34 ಕಾರ್ಯಕ್ರಮ, ಒಂದೊಂದಕ್ಕೂ ಬಂದ ಹಣ, ಡೀಸೆಲ್, ಹಡಗಿನ ಟಿಕೆಟ್, ರೂಮು, ಮಕ್ಕಳನ್ನು ನೋಡಿಕೊಂಡವರಿಗೆ ಕೊಟ್ಟದ್ದು. ಕೈಯಲ್ಲಿ ನಿಜವಾಗಿ ಏನಾದರೂ ಉಳಿದದ್ದು 13ರಲ್ಲಿ. ಇನ್ನು ಆರು, ದುಡ್ಡಿಲ್ಲದಿದ್ದರೂ ನೋರಾಗೆ ಬೇಕೇ ಬೇಕು. ಹಳೆಯ ಗುರುಗಳ ಜೊತೆ ನುಡಿಸುವಂಥವು. ಉಳಿದ 15ಕ್ಕೆ ಯಾಕೆ ಹೋದೆ ಎಂದು ಅವರಿಗೇ ಹೇಳಲಾಗಲಿಲ್ಲ. ಕೇಳಿದರು, ಹೂಂ ಅಂದೆ, ಹೋದೆ.

ಹಾಗಾಗಿ ಕೊಟ್ಟ ಸಲಹೆಗಳಲ್ಲಿ ಮೊದಲನೆಯದು ಆ ಹೂಂ ಬಗ್ಗೆ. ಯಾರೇ ಕೇಳಲಿ, ಎಷ್ಟೇ ಅವಸರವಿರಲಿ, ಫೋನಿನಲ್ಲಿ ಉತ್ತರವಿಲ್ಲ. "ನಾಳೆ ಸಂಜೆ ಹೇಳ್ತೀನಿ" ಅನ್ನುವುದು, ರಾತ್ರಿ ಹಾಳೆ ನೋಡುವುದು, ಡೆಕ್ಲನ್ ಅವರನ್ನು ಕೇಳುವುದು. ಇದನ್ನು ಅಪ್ಪಣೆ ಕೇಳುವುದೆಂದು ನೋರಾ ಮೊದಲು ಮುನಿಸಿಕೊಂಡರು. ಡೆಕ್ಲನ್ ದನದ ವ್ಯಾಪಾರ ಮಾಡುವಾಗಲೂ ನಿಮ್ಮನ್ನು ಕೇಳಲಿ, ಸರಿಯಾ, ಎಂದೆ. "ಅವನು ಕೇಳದೆ ಏನನ್ನೂ ಕೊಂಡಿದ್ದೇ ಇಲ್ಲ" ಎಂದು ಅವರೇ ನಕ್ಕರು.

ಎರಡನೆಯದು, ಮಾರ್ಚಿನಲ್ಲಿ ಒಂದೇ ವಾರದ ಪ್ರವಾಸ. ಆ ವಾರ ಬದಲಿಗೆ ಬಂದು ಹಾಲು ಕರೆದುಕೊಡುವವರ ಕೂಲಿ ಪ್ರವಾಸದ ಖರ್ಚಿನಲ್ಲಿ, ಡೀಸೆಲ್ ಪಕ್ಕದಲ್ಲೇ ಬರೆಯಬೇಕು. ಮನೆಯವರ ಉಪಕಾರದ ಮೇಲೆ ನಡೆಯುವ ಪ್ರವಾಸ ಲಾಭದಲ್ಲಿದೆ ಎಂದು ತೋರುತ್ತದೆ, ಅಷ್ಟೇ.

ಬಂದ ದಿನ ರಜೆ. ಅಡುಗೆ, ಹೋಂವರ್ಕ್, ಯಾವುದೂ ಅವರ ತಲೆಗಿಲ್ಲ, ಮಲಗಲಿ. ಮರುದಿನ ಬೆಳಿಗ್ಗೆಯಿಂದ ಒಂದು ದಿನ ಫೋನು ಹಾಲಿನ ಕೊಟ್ಟಿಗೆಯ ಕಪಾಟಿನಲ್ಲಿ. ಇದು ಡೆಕ್ಲನ್ ಅವರ ಮಾತಿಗೆ ಸಿಕ್ಕ ಉತ್ತರ.

ಮತ್ತೆ ಪತ್ತನಾಜೆ. ಲೋರಿಯಾನ್‌ನಿಂದ ಬಂದ ದಿನದಿಂದ ಸೆಪ್ಟೆಂಬರ್ ಮುಗಿಯುವವರೆಗೆ ಪೆಟ್ಟಿಗೆ ವ್ಯಾನ್ ಹತ್ತುವುದಿಲ್ಲ. ಶಾಲೆ ಶುರುವಾಗುವ ಸಮಯವೂ ಅದೇ. ಹೆಸರಿಗೆ ಅರ್ಥ ಹೇಳಿದಾಗ ನೋರಾ "ಪಟ್ಟನಾಜಿ" ಎಂದು ಹಾಳೆಯಲ್ಲಿ ಬರೆದುಕೊಂಡರು. ತಿದ್ದಲಿಲ್ಲ.

ಪೈಪಿನಲ್ಲಿ ಸದ್ದು ಹುಟ್ಟಿಸುವ ನಾಲಗೆ, ರೀಡು. ಅದರ ವಿಷಯ ನನಗೆ ಹೊಸದು. ಒಂದು ಭೇಟಿಗೆ ಸಣ್ಣ ತಗಡಿನ ಡಬ್ಬಿ ತಂದು ತೋರಿಸಿದರು: ಒಣ ಜೊಂಡನ್ನು ಸೀಳಿ, ಎರಡು ತೆಳು ಎಲೆ ಜೋಡಿಸಿ, ತಾಮ್ರದ ಪಟ್ಟಿ ಬಿಗಿದದ್ದು. ಬೆರಳ ತುದಿಯಲ್ಲಿ ಹಿಡಿದು, ಚೂರಿಯಿಂದ ಉಸಿರಿನಷ್ಟು ಹೆರೆದು, ತುಟಿಗಿಟ್ಟು ಎಳೆದರೆ ಕಾಗೆ ಕೂಗಿದ ಹಾಗೆ ಸದ್ದು. ನನ್ನ ಕೋಣೆಯ ಹೀಟರಿಗೇ ಅದು ಒಣಗಿ ಬಾಯಿ ಮುಚ್ಚಿಕೊಂಡಿತು. ಈ ಕೆಲಸವನ್ನು ಅವರು ರಾತ್ರಿ ಹನ್ನೊಂದಕ್ಕೆ, ಮಕ್ಕಳು ಮಲಗಿದ ಮೇಲೆ, ಅಡುಗೆಮನೆ ದೀಪದಲ್ಲಿ ಮಾಡುತ್ತಿದ್ದರು. ಮಗ ಸರ್ಕಾರದ ಉಚಿತ ಪ್ರೀಸ್ಕೂಲಿನಲ್ಲಿ ದಿನಕ್ಕೆ ಮೂರು ಗಂಟೆ ಇರುತ್ತಾನೆ; ಆ ಮೂರು ಗಂಟೆ ಮೇಲ್‌ಗೆ ಹೋಗುತ್ತಿತ್ತು. ಅದಲುಬದಲು ಮಾಡಿ ಎಂದೆ. ಕಣ್ಣು ಕಿವಿ ಬೇಕಾದ ಕೆಲಸ ಹಗಲಿಗೆ, ಮೇಲ್ ಸೋಮವಾರ ರಾತ್ರಿಗೆ. ನಿದ್ದೆ ಸುಧಾರಿಸಿದ್ದು ಇದರಿಂದಲೇ ಇರಬೇಕು.

ಮಗನಿಗೆ ಔಷಧಿ ಸರಳ. ದಿನಕ್ಕೊಮ್ಮೆ ಅವನೆದುರು ಪೆಟ್ಟಿಗೆ ತೆಗೆಯಿರಿ, ಎಲ್ಲಿಗೂ ಹೋಗಬೇಡಿ. ಹತ್ತು ನಿಮಿಷ. ತಿದಿ ಒತ್ತಲು ಅವನೇ ಬರಲಿ. ಕ್ಲಿಪ್ಪಿನ ಸದ್ದಿಗೆ ಅಮ್ಮ ಹೋಗುವುದು ಮಾತ್ರ ಅರ್ಥವಾಗಿದೆ, ಇನ್ನೊಂದು ಅರ್ಥವೂ ಸೇರಲಿ. ಮೊದಲ ಹತ್ತು ದಿನ "ಬೈ ಬೈ" ನಿಲ್ಲಲಿಲ್ಲ. ನಾಲ್ಕನೇ ವಾರ ಅವನು ಚೀಲದ ಮೇಲೆ ಕೂತು ಹೊಲಿಗೆ ಬಿಡಿಸಿಬಿಟ್ಟ. ನೋರಾ ರೇಗಿದ್ದನ್ನು ಹೇಳುತ್ತಲೇ ಖುಷಿಪಟ್ಟರು.

ಕಮ್ಯುನಿಯನ್? ಉತ್ಸವದವರಿಗೆ ಫೋನ್ ಮಾಡಿ ಬರಲಾಗುವುದಿಲ್ಲ ಎಂದರು. ಮಾತನ್ನು ನನ್ನೆದುರೇ ಮೂರು ಸಲ ಹೇಳಿ ಅಭ್ಯಾಸ ಮಾಡಿದ್ದರು. ಕಾರಣ ಉದ್ದ ಬೇಡ, ಕ್ಷಮೆ ಒಂದು ಸಲ ಸಾಕು, ಬದಲಿಗೆ ಒಬ್ಬ ಪೈಪರ್ ಹೆಸರು ಕೊಡಿ ಎಂದಿದ್ದೆ. ಅವರು ಸೌಜನ್ಯದಿಂದಲೇ ಕೇಳಿಸಿಕೊಂಡರು. ಮುಂದಿನ ವರ್ಷ ಕರೆಯಲಿಲ್ಲ. ಭಯ ಪೂರ್ತಿ ಸುಳ್ಳಾಗಿರಲಿಲ್ಲ, ಅದನ್ನು ಮುಚ್ಚಿಡುವುದು ಸರಿಯಲ್ಲ. ಆ ಶನಿವಾರ ಮಗಳು ಚರ್ಚಿನಿಂದ ಬಂದವಳೇ ಗೌನು ಎತ್ತಿ ಕಟ್ಟಿಕೊಂಡು, ಅಂಗಳದಲ್ಲಿ ಗಾಳಿ ತುಂಬಿಸಿಟ್ಟಿದ್ದ ಬೌನ್ಸಿ ಕ್ಯಾಸಲ್ ಹತ್ತಿ, ಸಂಜೆವರೆಗೆ ಅಮ್ಮನ ಕಡೆ ನೋಡಲೇ ಇಲ್ಲವಂತೆ.

ಕಳೆದ ತಿಂಗಳು ನೋರಾರಿಂದ ಒಂದು ಫೋಟೊ ಬಂತು. ಹೊಸ ವರ್ಷದ ಹಾಳೆ. ಜನವರಿಯಲ್ಲಿ ಗ್ಲಾಸ್ಗೊ ಎಂದು ಬರೆದು ಸುತ್ತು ಹಾಕಿದೆ. ಮಾರ್ಚ್ ಎರಡನೇ ವಾರದಲ್ಲಿ ಪೆನ್ಸಿಲಿನಿಂದ 'ಬಾಸ್ಟನ್, 12 ದಿನ?' ಎಂದಿದೆ. ಅದರ ಮೇಲಿನ ಸಾಲಿನಲ್ಲಿ, ಬೇರೆ ಕೈಬರಹದಲ್ಲಿ, '41 ಹಸು.' ಇನ್ನೂ ಯಾರೂ ಅಳಿಸಿಲ್ಲ.