ಹಾದಿ ಚೂಪಾನ್‌ಗೆ ಸತತ ಮೂರು ವರ್ಷ ಎರಡನೇ ಸ್ಥಾನ. ಇದು ಅನ್ಯಾಯ ಅಲ್ವಾ?

ಬೇಜಾರು ನನಗೂ ಇದೆ. ಇರಾನಿನ ಬಾಡಿಬಿಲ್ಡರ್ ಚೂಪಾನ್ 2022ರಲ್ಲಿ ಬಾಡಿಬಿಲ್ಡಿಂಗ್‌ನ ಅತಿ ದೊಡ್ಡ ಸ್ಪರ್ಧೆಯಾದ ಮಿಸ್ಟರ್ ಒಲಿಂಪಿಯಾ ಗೆದ್ದರು. 2023ರಲ್ಲಿ ಪಟ್ಟ ಡೆರೆಕ್ ಲನ್ಸ್‌ಫರ್ಡ್ ಪಾಲಾಯಿತು, 2024ರಲ್ಲಿ ಸ್ಯಾಮ್ಸನ್ ಡೌಡಾ ಗೆದ್ದರು, 2025ರಲ್ಲಿ ಮತ್ತೆ ಲನ್ಸ್‌ಫರ್ಡ್. ಮೂರೂ ಸಲ ಚೂಪಾನ್ ಎರಡನೆಯವರು. ಆದರೂ ಅನ್ಯಾಯ ಅಂತ ನಾನು ಹೇಳುವುದಿಲ್ಲ.

ಇಲ್ಲಿ ಕಡಿಮೆ ಅಂಕ ಬಂದವರೇ ಗೆಲ್ಲುವುದು. ಒಂದನೇ ಸ್ಥಾನಕ್ಕೆ 1, ಎರಡನೆಯದಕ್ಕೆ 2, ಹೀಗೆ ಪ್ರತಿ ಜಡ್ಜ್ ಬರೆಯುತ್ತಾರೆ. ತೀರಾ ಹೆಚ್ಚಿನದು, ತೀರಾ ಕಡಿಮೆಯದು ಬಿಟ್ಟು ಉಳಿದದ್ದನ್ನು ಕೂಡಿಸುತ್ತಾರೆ. ತೋಳು ಎಷ್ಟು ಇಂಚು ಅಂತ ಯಾರೂ ಅಳೆಯುವುದಿಲ್ಲ. ಪಕ್ಕದಲ್ಲಿ ನಿಂತವರ ಎದುರು ಆ ದಿನ ಹೇಗೆ ಕಾಣುತ್ತೀರಿ, ಅಷ್ಟೇ ಲೆಕ್ಕ.

ಚೂಪಾನ್ ಬೆನ್ನು ತಿರುಗಿಸಿ ಎರಡೂ ತೋಳು ಮಡಚಿ ನಿಲ್ಲುವ ಪೋಸ್ ಇದೆಯಲ್ಲ, ಅಲ್ಲಿ ವಿಡಿಯೋ ನಿಲ್ಲಿಸಿ ನೋಡಿ. ಒಂದು ಕಾಲು ಹಿಂದಕ್ಕಿಟ್ಟು ಬೆರಳ ಮೇಲೆ ಒತ್ತಿದ ಕೂಡಲೇ ತೊಡೆಯ ಹಿಂಭಾಗ ಎಳೆ ಎಳೆಯಾಗಿ ಬಿಚ್ಚಿಕೊಳ್ಳುತ್ತದೆ. ಸೊಂಟದ ಕೆಳಗೂ ಗೀರುಗಳು. ಚರ್ಮದಡಿ ಒಂದು ಹನಿ ನೀರೂ ಉಳಿದಿಲ್ಲವೇನೋ ಅನ್ನಿಸುತ್ತದೆ. ಈ ಕಂಡೀಷನ್, ಅಂದರೆ ಕೊಬ್ಬು, ನೀರು ಇಳಿದು ಸ್ನಾಯು ಎದ್ದು ಕಾಣುವ ಸ್ಥಿತಿ, ಅವರಿಗೆ ಪ್ರತಿ ವರ್ಷ ಬರುತ್ತದೆ. 2019ರಿಂದ 2025ರವರೆಗೆ ಅವರು ಒಮ್ಮೆಯೂ ನಾಲ್ಕನೇ ಸ್ಥಾನಕ್ಕಿಂತ ಕೆಳಗೆ ಇಳಿದಿಲ್ಲ. ಸುಮ್ನೆ ಆಗುವ ಮಾತಲ್ಲ ಇದು.

ಈಗ ಅವರನ್ನೇ ಮುಂದೆ ತಿರುಗಿಸಿ ಡೌಡಾ ಪಕ್ಕ ನಿಲ್ಲಿಸಿ. ಡೌಡಾಗೆ ಎತ್ತರ ಜಾಸ್ತಿ, ಹೆಗಲು ಅಗಲ, ಸೊಂಟ ಸಣ್ಣ. ಆ ಆಕಾರ ಮೂಳೆಯಲ್ಲೇ ಬಂದದ್ದು. ಎಷ್ಟೇ ಡಯಟ್ ಮಾಡಿದರೂ ಚೂಪಾನ್‌ಗೆ ಅದು ಸಿಗುವುದಿಲ್ಲ. ಆದರೆ ಡೌಡಾ ಅದನ್ನು ಪ್ರತಿ ವರ್ಷ ಅಷ್ಟೇ ಒಣಗಿಸಿ ತರಲಾರರು. 2024ರಲ್ಲಿ ಮೊದಲ ಸ್ಥಾನ, 2025ರಲ್ಲಿ ನಾಲ್ಕನೆಯದು. ನನ್ನ ಪ್ರಕಾರ ವಿಷಯ ಇರುವುದೇ ಇಲ್ಲಿ. ಕಂಡೀಷನ್ ಚೂಪಾನ್‌ರನ್ನು ಕೆಳಗೆ ಬೀಳಲು ಬಿಡುವುದಿಲ್ಲ. ಆದರೆ ಒಳ್ಳೆ ಆಕಾರ ಇದ್ದವರು ತಯಾರಾಗಿ ಬಂದ ದಿನ, ಅದೊಂದೇ ಸಾಕಾಗುವುದಿಲ್ಲ.

ಹಿಂದೆ ಇದೇ ಸ್ಪರ್ಧೆಯಲ್ಲಿ ಕೆವಿನ್ ಲೆವ್ರೋನ್ ನಾಲ್ಕು ಸಲ ಎರಡನೆಯವರಾಗಿ ಒಮ್ಮೆಯೂ ಗೆಲ್ಲಲಿಲ್ಲ. ನನಗೆ ನಿಜವಾಗಿ ಹೊಟ್ಟೆ ಚುರ್ ಅನ್ನಿಸುವುದು ಅವರನ್ನು ನೆನೆದಾಗ. ಜೇ ಕಟ್ಲರ್ ಕೂಡ ಆಗಿನ ಚಾಂಪಿಯನ್ ರೋನಿ ಕೋಲ್ಮನ್ ಹಿಂದೆ ನಾಲ್ಕು ಸಲ ನಿಂತು, 2006ರಲ್ಲಿ ಗೆದ್ದರು. 2008ರಲ್ಲಿ ಸೋತು 2009ರಲ್ಲಿ ಪಟ್ಟ ವಾಪಸ್ ತಂದರು. ಲನ್ಸ್‌ಫರ್ಡ್ 2025ರಲ್ಲಿ ಮಾಡಿದ್ದೂ ಅದನ್ನೇ. ಹಾಗಾಗಿ ಚೂಪಾನ್ ಮೇಲೆ ನಾನಿನ್ನೂ ಆಸೆ ಬಿಟ್ಟಿಲ್ಲ.