ತುಂಡು ತೋರಿಸಿದರಷ್ಟೇ ಸಾಲದು

ಮೈಯಲ್ಲಿ ಕಾವಲು ಕಾಯುವ ಡೆಂಡ್ರಿಟಿಕ್ ಕೋಶ ರೋಗಾಣುವಿನ ತುಂಡು ತೋರಿಸಿದ ಮೇಲೆ ಟಿ ಕೋಶ (ರೋಗದ ವಿರುದ್ಧ ಹೋರಾಡುವ ಒಂದು ಬಗೆಯ ಬಿಳಿ ರಕ್ತಕಣ) ಏಳಲೇಬೇಕು ಅಲ್ವಾ, ಇನ್ನೇನು ಬೇಕು ಅಂತ ಕೇಳಿದ್ದೀರಿ. ಇನ್ನೂ ಎರಡು ಬೇಕು.

ಈ ಕೋಶ ನಮ್ಮದೇ ಪ್ರೋಟೀನಿನ ತುಂಡುಗಳನ್ನೂ ಸದಾ ತೋರಿಸುತ್ತಿರುತ್ತದೆ. ಕಂಡದ್ದಕ್ಕೆಲ್ಲ ಟಿ ಕೋಶ ಎದ್ದರೆ ನಮ್ಮ ಮೈಮೇಲೇ ದಾಳಿ. ಅದಕ್ಕೇ ಎರಡನೇ ಸೂಚನೆ. ಕೈಯ ಗಾಯದಲ್ಲಿ ಬ್ಯಾಕ್ಟೀರಿಯಾ ಸಿಕ್ಕಿತು ಅನ್ನಿ. ಡೆಂಡ್ರಿಟಿಕ್ ಕೋಶದ ಟೋಲ್ ಗ್ರಾಹಕಗಳು (ರೋಗಾಣುವನ್ನು ಪತ್ತೆ ಹಚ್ಚುವ ಪ್ರೋಟೀನುಗಳು) ಅದನ್ನು ಗುರುತಿಸಿದಾಗ ಆ ಕೋಶ ತನ್ನ ಮೈಮೇಲೆ ಸಿಡಿ80, ಸಿಡಿ86 ಪ್ರೋಟೀನುಗಳನ್ನು ಜಾಸ್ತಿ ಮಾಡಿಕೊಂಡು ಟಿ ಕೋಶಗಳಿರುವ ದುಗ್ಧಗ್ರಂಥಿಗೆ ಹೊರಡುತ್ತದೆ. (ಕಂಕುಳಲ್ಲಿ ಗಂಟು ಊದುತ್ತದಲ್ಲ, ಅಲ್ಲಿಗೇ.) ಟಿ ಕೋಶದ ಮೇಲಿನ ಸಿಡಿ28 ಎಂಬ ಗ್ರಾಹಕ ಈ ಪ್ರೋಟೀನುಗಳನ್ನು ಹಿಡಿದುಕೊಂಡರೆ ಕೆಲಸ ಶುರು. ಇಲ್ಲದಿದ್ದರೆ ಟಿ ಕೋಶ ಸುಮ್ನೆ ಮಂಕಾಗಿಬಿಡುತ್ತದೆ, ಇಲ್ಲವೇ ಸಾಯುತ್ತದೆ.

ಮೂರನೆಯದು ಸೈಟೋಕೈನ್, ಅಂದರೆ ಕೋಶಗಳು ಒಂದಕ್ಕೊಂದು ಸುದ್ದಿ ಮುಟ್ಟಿಸಲು ಬಿಡುವ ಪ್ರೋಟೀನ್. ನನಗಂತೂ ಇದೇ ಹೆಚ್ಚು ಸ್ವಾರಸ್ಯ. ಡೆಂಡ್ರಿಟಿಕ್ ಕೋಶ ಐಎಲ್-12 ಎಂಬ ಸೈಟೋಕೈನ್ ಬಿಟ್ಟರೆ ಟಿ ಕೋಶ ಟಿಎಚ್1 ಎಂಬ ಬಗೆಯ ಕೋಶವಾಗಿ ಗಾಮಾ ಇಂಟರ್‌ಫೆರಾನ್ ಎಂಬ ಇನ್ನೊಂದು ಸೈಟೋಕೈನ್ ಮಾಡುತ್ತದೆ. ಕ್ಷಯದ ಬ್ಯಾಕ್ಟೀರಿಯಾ ನುಂಗಿ ಕೂತ ಮ್ಯಾಕ್ರೋಫೇಜಿಗೆ (ರೋಗಾಣು ನುಂಗುವ ಕೋಶಕ್ಕೆ) ಅದನ್ನು ಕೊಲ್ಲುವ ಬಲ ಬರುವುದು ಇದರಿಂದ. ಹುಟ್ಟಿನಿಂದಲೇ ಐಎಲ್-12 ಕೆಲಸ ಮಾಡದ ಅಪರೂಪದ ಮಕ್ಕಳಲ್ಲಿ ಕ್ಷಯದ ವಿರುದ್ಧ ಕೊಡುವ ಬಿಸಿಜಿ ಲಸಿಕೆಯ ದುರ್ಬಲ ಬ್ಯಾಕ್ಟೀರಿಯಾ ಕೂಡ ಮೈಯೆಲ್ಲ ಹರಡಿಬಿಡಬಹುದು.